ದ್ರಾಕ್ಷಿತೋಟದ ಮರೆ

ಹೆಬ್ಬೆರಳು ಇಲ್ಲ, ಪರದೆಯ ಎಡಮೂಲೆಯಲ್ಲಿ ಇವತ್ತು ಬರೀ ಮೇಜಿನ ಮರ, ಮರದ ಮೇಲೆ ಟ್ಯೂಬ್‌ಲೈಟಿನ ಒಂದು ಬಿಳಿ ಪಟ್ಟಿ, ವನೆಸ್ಸಾ ವಿಡಿಯೊವನ್ನು ಹಿಂದಕ್ಕೆಳೆದು ಮತ್ತೆ ನೋಡಿದಳು, ಇಲ್ಲ, ಪಾಠ ಹೇಳುವ ಯಹೂದಿ ಗುರು ರಬ್ಬಿಯ ಗಡ್ಡ ಉಂಟು, ಕನ್ನಡಕ ಉಂಟು, ಅವರು ಕುಡಿಯದೆ ಆರಿಸಿಬಿಡುವ ಚಹಾ ಉಂಟು, ಆ ಹೆಬ್ಬೆರಳು ಮಾತ್ರ ಇಲ್ಲ – ಉಗುರಿನ ಬುಡದಲ್ಲಿ ನೀಲಿ ಶಾಯಿಯ ಕಲೆ, ದಪ್ಪ ಪುಸ್ತಕದ ಒಂದು ಸಾಲಿನ ಮೇಲೆ ಒತ್ತಿ ಕೂತದ್ದು, ಕ್ಯಾಮೆರಾ ಇಟ್ಟವನಿಗೆ ಅದು ಬೇಕಾಗಿರಲಿಲ್ಲ, ತಾನಾಗಿ ಚಿತ್ರದೊಳಗೆ ಬಂದು ಕೂತಿತ್ತು, ಮದುವೆಯ ಫೋಟೋದಲ್ಲಿ ತಾನು ಯಾವಾಗಲೂ ಅಂಚಿಗೆ ಅರ್ಧ ಮುಖವಾಗಿ ಬೀಳುವ ಹಾಗೆ. ಕೆಳಗಿನ ಗ್ಯಾರೇಜಿನಲ್ಲಿ ಯಾರೋ ಟಯರಿನ ನಟ್ಟು ಬಿಚ್ಚುತ್ತಿದ್ದಾರೆ, ಗರ್ರ್ ಅಂತ ಕಿಟಕಿಯ ಗಾಜು ನಡುಗುತ್ತದೆ, ರಜೆಯ ಶುಕ್ರವಾರವೂ ಬಿಡುವುದಿಲ್ಲ ಮಸ್ಕತ್ತಿನ ಈ ಘಾಲಾದವರು, ಅವಳು ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು, ಎಂಎ ಮಾಡಿ ಎಂತ ಮಾಡ್ತಿದ್ದಿ ಅಂತ ಚರ್ಚಿನಲ್ಲಿ ಯಾರಾದರೂ ಕೇಳಿದರೆ ಟೈಪಿಂಗ್ ಅನ್ನುತ್ತಾಳೆ, ಅಷ್ಟೇ, ಯಾರ ಮಾತು ಅಂತ ಹೇಳುವುದಿಲ್ಲ. ಮಂಗಳೂರಿನ ಒಂದು ಆಫೀಸು ಕಳಿಸುತ್ತದೆ, ಆ ಆಫೀಸಿಗೆ ಅಮೆರಿಕದ ಯಾವುದೋ ಟ್ರಸ್ಟು ಕಳಿಸುತ್ತದೆ, ಇವಳು ಕೇಳಿ ಕೇಳಿ ಇಂಗ್ಲಿಷಿನಲ್ಲಿ ಅಕ್ಷರಕ್ಕಿಳಿಸಬೇಕು – ಇಸ್ರೇಲಿನ ಒಂದು ಯೆಶಿವಾದ ಪಾಠಗಳು, ಹೊರದೇಶದಿಂದ ಬಂದ ಯಹೂದಿ ಹುಡುಗರಿಗೆ ಇಂಗ್ಲಿಷಿನಲ್ಲಿ ಅವರ ಧರ್ಮಶಾಸ್ತ್ರ ತಾಲ್ಮುದ್ ಹೇಳಿಕೊಡುವ ಮಠದಂಥ ಶಾಲೆ, ಆದರೆ ಮಠದ ಹಾಗೆ ಬರೀ ಓದಲ್ಲ, ಒಂದಷ್ಟು ಕಾಲ ಓದು, ನಡುವೆ ಸೈನ್ಯ, ಮತ್ತೆ ಓದು, ಎರಡೂ ದೇವರ ಕೆಲಸವೇ ಅಂತ ಅವರ ನಂಬಿಕೆ, ರಜೆಯಲ್ಲಿ ಬಂದವರು ಬಂದೂಕನ್ನು ಬೆಂಚಿನ ಕೆಳಗೆ ಕಾಲಿಗೆ ಒತ್ತಿ ಇಟ್ಟುಕೊಂಡೇ ಓದುತ್ತಾರೆ, ಮೊದಲ ಸಲ ಅದರ ಪಟ್ಟಿ ಕಂಡಾಗ ಅವಳು ಅದನ್ನು ಬ್ಯಾಗಿನ ಪಟ್ಟಿ ಅಂದುಕೊಂಡಿದ್ದಳು.

ವನೆಸ್ಸಾ, ಕಾಯಿ ತುರಿದು ಕೊಡ್ತೀಯಾ ಇಲ್ವಾ, ಅಡುಗೆಮನೆಯಿಂದ ಮಮ್ಮಿ, ಬಂದೆ ಮಮ್ಮಿ ಅಂದಳು, ಏಳಲಿಲ್ಲ. ಅಲ್ಲಿ ಒಬ್ಬೊಬ್ಬರೇ ಓದುವುದಿಲ್ಲ, ಜೋಡಿಯಲ್ಲಿ ಓದುತ್ತಾರೆ, ಒಬ್ಬ ಗಟ್ಟಿಯಾಗಿ ಓದಿದರೆ ಇನ್ನೊಬ್ಬ ತಡೆದು ಕೇಳಬೇಕು, ಕೇಳದಿದ್ದರೆ ಓದಿದ ಹಾಗೇ ಅಲ್ಲ, ಎಂಥ ಜಾಗ ಮಾರಾಯ್ತಿ ಅದು, ಪ್ರಶ್ನೆ ಕೇಳದಿದ್ದರೆ ತಪ್ಪಂತೆ, ಅಂಥ ಕ್ಲಾಸಿನಲ್ಲಿ ನಾನು ಕೂತಿದ್ದರೆ ಮೊದಲ ದಿನವೇ ಜ್ವರ ಬಂದು ಮಲಗುತ್ತಿದ್ದೆ ಅಂತ ಡೈರಿಯಲ್ಲಿ ಬರೆದುಕೊಂಡಿದ್ದಳು. ಆದರೆ ಆ ಹೆಬ್ಬೆರಳಿನ ಹುಡುಗ, ನೆರಿಯಾ, ಅವನು ಕೇಳುವುದೂ ಕಡಿಮೆಯೇ, ಕೇಳುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾನೆ, ಒಮ್ಮೆ, ಇನ್ನೊಮ್ಮೆ, ಅಷ್ಟರಲ್ಲಿ ಬೇರೆ ಯಾರೋ ಕೇಳಿಬಿಡುತ್ತಾರೆ, ಅವನು ಹೆಬ್ಬೆರಳನ್ನು ಸಾಲಿನ ಮೇಲೆ ಹಾಗೇ ಇಟ್ಟು ಕಾಯುತ್ತಾನೆ, ಕಾಯುವುದು ತನಗೆ ಗೊತ್ತು, ಗಂಟಲಿನಲ್ಲಿ ಬಂದು ನಿಂತ ಮಾತು ಹಿಂದೆ ಹೋಗುವಾಗ ಹೇಗೆ ಗೀರುತ್ತದೆ ಅಂತಲೂ ಗೊತ್ತು, ಅವನು ಕಾದರೆ ಇವಳೂ ಕೀಬೋರ್ಡಿನಿಂದ ಕೈಯೆತ್ತಿ ಕಾಯುತ್ತಿದ್ದಳು.

ಆ ಹೆಬ್ಬೆರಳು ಕೊನೆಯ ಸಲ ಕಂಡ ದಿನದ ಪಾಠ ಯುದ್ಧದಿಂದ ಯಾರು ಯಾರು ವಾಪಸು ಹೋಗಬಹುದು ಅಂತ. ಹೊಸ ಮನೆ ಕಟ್ಟಿ ಒಕ್ಕಲಾಗದವನು ಹೋಗಬಹುದು, ದ್ರಾಕ್ಷಿತೋಟ ನೆಟ್ಟು ಹಣ್ಣು ತಿನ್ನದವನು ಹೋಗಬಹುದು, ಮಾತುಕತೆಯಾಗಿ ಮದುವೆಯಾಗದವನು ಹೋಗಬಹುದು, ಕೊನೆಗೆ, ಹೆದರಿದವನು, ಎದೆ ಮೆತ್ತಗಾದವನು, ಅವನೂ ಹೋಗಬಹುದು. ರಬ್ಬಿ ಚಹಾದ ಲೋಟ ತಿರುಗಿಸುತ್ತ ಹೇಳಿದ್ದರು, ಇಷ್ಟು ಜನರನ್ನು ಯಾಕೆ ಒಟ್ಟಿಗೆ ಬಿಟ್ಟರು ಗೊತ್ತಾ, ಒಬ್ಬ ಪಂಡಿತ ಹೇಳುತ್ತಾನೆ, ಹೆದರಿದವನಿಗೆ ನಾಚಿಕೆಯಾಗಬಾರದು ಅಂತ, ಅವನು ಸಾಲಿನಿಂದ ಎದ್ದು ಹೋಗುವಾಗ ನೋಡಿದವರು ಪಾಪ ಇವನಿಗೆ ಮನೆಯೋ ತೋಟವೋ ಇದ್ದೀತು ಅಂದುಕೊಳ್ಳಲಿ ಅಂತ. ಇಲ್ಲಿ ವನೆಸ್ಸಾ ಟೈಪಿಂಗ್ ನಿಲ್ಲಿಸಿದ್ದಳು. ಎರಡು ಸಾವಿರ ವರ್ಷದ ಹಿಂದೆ ಯಾರೋ ಕೂತು ಹೆದರುಪುಕ್ಕರ ಮಾನದ ಬಗ್ಗೆ ಇಷ್ಟು ಯೋಚನೆ ಮಾಡಿದ್ದಾರಲ್ಲ, ನಮ್ಮ ಪಿ.ಟಿ. ಟೀಚರಿಗೆ ಇದರಲ್ಲಿ ಒಂದು ಚೂರು ಇದ್ದಿದ್ದರೆ. ಆಮೇಲೆ ರಬ್ಬಿ ಹೇಳಿದ್ದು, ಇದೆಲ್ಲ ರಾಜ ತನ್ನಿಷ್ಟಕ್ಕೆ ಮಾಡುವ ಯುದ್ಧಕ್ಕೆ, ಕಡ್ಡಾಯದ ಯುದ್ಧವಾದರೆ ಎಲ್ಲರೂ ಹೋಗಬೇಕು, ಮದುಮಗನೂ ಕೋಣೆಯಿಂದ ಎದ್ದು ಹೋಗಬೇಕು. ಆಗ ಗಂಟಲು ಸರಿಮಾಡಿಕೊಂಡ ಸದ್ದು, ಒಮ್ಮೆ, ಇನ್ನೊಮ್ಮೆ, ಯಾರೂ ನಡುವೆ ಬರಲಿಲ್ಲ. ಮೈಕು ರಬ್ಬಿಯ ಕಾಲರಿನಲ್ಲಿ, ಹುಡುಗನ ಮಾತು ಬಾವಿಯ ಒಳಗಿಂದ ಬಂದ ಹಾಗೆ, ವಾಲ್ಯೂಮ್ ಕೊನೆಗೆ ತಳ್ಳಿ ಇವಳು ಎಷ್ಟು ಸಲ ಕೇಳಿದಳೋ, ಬಾಯಿಪಾಠ ಆಗಿಬಿಟ್ಟಿತು – ಹಾಗಾದರೆ ಆ ದಿನ ಮನೆಯವನೂ ಹೋಗಲಿಲ್ಲ, ತೋಟದವನೂ ಹೋಗಲಿಲ್ಲ, ಎಲ್ಲರೂ ಸಾಲಿನಲ್ಲೇ ನಿಂತರು, ಹೆದರಿದವನು ಈಗ ಯಾರ ಮರೆಯಲ್ಲಿ ನಿಲ್ಲಬೇಕು, ಅವನ ನಾಚಿಕೆಯನ್ನು ಈಗ ಕಾಯುವವರು ಯಾರು. ರಬ್ಬಿ ನಕ್ಕು, ಊಟಕ್ಕೆ ತಡವಾದರೆ ಅಡುಗೆಯವನ ಎದುರು ನನ್ನನ್ನು ಕಾಯುವವರು ಯಾರು ಅದನ್ನು ಮೊದಲು ಹೇಳು, ಅಂದರು, ಹುಡುಗರೆಲ್ಲ ನಕ್ಕರು, ಪುಸ್ತಕ ಮುಚ್ಚುವ ಸದ್ದು, ಬೆಂಚು ಎಳೆಯುವ ಸದ್ದು, ಆ ಹೆಬ್ಬೆರಳು ಮಾತ್ರ ಎದ್ದಿರಲಿಲ್ಲ. ಇವಳು ಮಾಡಿದ್ದೇನು, ಮಂಗಳೂರಿನ ಆಫೀಸು ಹೇಳಿದ ನಿಯಮದ ಪ್ರಕಾರ ಮಾಡಿದಳು, ವಿದ್ಯಾರ್ಥಿಗಳ ಮಾತು ಬೇಡ ಮೇಡಂ, ಬ್ರ್ಯಾಕೆಟಿನಲ್ಲಿ ‘ಪ್ರಶ್ನೆ’ ಅಂತ ಹಾಕಿ ಮುಂದೆ ಹೋಗಿ, ಫೈಲು ಕೊಟ್ಟ ಮೇಲೆ ವಿಡಿಯೊ ಡಿಲೀಟ್ ಮಾಡಿ, ಹಾಗೇ ಮಾಡಿದಳು, ಒಂದು ಪದ, ಎರಡು ಬ್ರ್ಯಾಕೆಟು, ಮುಗೀತು.

ಇವತ್ತಿನ ಫೈಲಿನಲ್ಲಿ ರಬ್ಬಿ ಪುಸ್ತಕ ತೆರೆಯಲೇ ಇಲ್ಲ. ನೆರಿಯಾ ಯುದ್ಧದಲ್ಲಿ ಗಾಯವಾಗಿ ಆಸ್ಪತ್ರೆಯಲ್ಲಿದ್ದಾನೆ, ಕಣ್ಣು ತೆರೆದಿದ್ದಾನೆ, ಮಾತಿಲ್ಲ, ಭಾನುವಾರ ಅವನ ಹತ್ತಿರ ಹೋಗುತ್ತೇನೆ, ಅಂದರು. ಯುದ್ಧಕ್ಕೆ ಹೋಗುವ ಮೊದಲು ಅವನು ನನ್ನನ್ನು ಒಂದು ಪ್ರಶ್ನೆ ಕೇಳಿದ್ದ, ನಾನು ಅಡುಗೆಯವನ ಹೆಸರು ಹೇಳಿ ನಗಿಸಿದೆ, ನಾನು ನಗಿಸಿದ್ದು ನನಗೆ ನೆನಪುಂಟು, ಅವನು ಕೇಳಿದ್ದು ನೆನಪಿಲ್ಲ, ಬರಹ ತೆಗೆಸಿ ನೋಡಿದೆ, ‘ಪ್ರಶ್ನೆ’ ಅಂತ ಮಾತ್ರ ಉಂಟು, ಟೇಪಿನಲ್ಲಿ ಗೊಣಗಿದ ಹಾಗೆ ಕೇಳುತ್ತದೆ, ನಿಮ್ಮಲ್ಲಿ ಯಾರಿಗಾದರೂ ನೆನಪುಂಟಾ, ಅವನು ಕೇಳಿದ ಮಾತಿನಲ್ಲೇ ಬೇಕು ನನಗೆ, ಅವನ ಪಕ್ಕ ಕೂತು ಉತ್ತರ ಹೇಳಬೇಕು. ಯಾರೂ ಮಾತಾಡಲಿಲ್ಲ. ಒಬ್ಬ ಹೆದರುವುದರ ಬಗ್ಗೆ ಏನೋ ಅಂದ, ಇನ್ನೊಬ್ಬ ಅಲ್ಲ ತೋಟದ ಬಗ್ಗೆ ಅಂದ. ವನೆಸ್ಸಾ ಬಾಯಿಬಿಟ್ಟು ಹೇಳಿಯೇಬಿಟ್ಟಳು, ಹೆದರಿದವನು ಯಾರ ಮರೆಯಲ್ಲಿ ನಿಲ್ಲಬೇಕು, ಗಟ್ಟಿಯಾಗಿ, ಕಂಪ್ಯೂಟರಿಗೆ, ಯಾರ ಜೊತೆ ಮಾತಾಡ್ತಿದ್ದಿ ಅಂದಳು ಮಮ್ಮಿ, ಯಾರಿಲ್ಲ ಮಮ್ಮಿ. ಹುಚ್ಚು, ಅವರು ಮಾತಾಡಿ ಒಂದು ದಿನ ಆಗಿಹೋಗಿದೆ, ಆ ಮೌನ ಮುಗಿದುಹೋದ ಮೌನ, ಅದರೊಳಗೆ ಈಗ ಕೂಗಿದರೆ ಯಾರಿಗೆ ಕೇಳಬೇಕು.

ಕೇಳಿಸಲು ಒಂದು ದಾರಿ ಇತ್ತು, ಬೆಳಿಗ್ಗೆ ಪೂಜೆಗೆ ಹೋಗುವ ಮೊದಲು ಅದನ್ನೂ ಮಾಡಿದಳು – ಎಲ್ಲಿ ‘ಮೌನ’ ಅಂತ ಹಾಕಬೇಕೋ ಅಲ್ಲಿ ಅವನ ಪ್ರಶ್ನೆಯನ್ನು ಪೂರ್ತಿ ಟೈಪ್ ಮಾಡಿ ಕಳಿಸಿದಳು, ಸಾಲುಗಳ ನಡುವೆ ಸಾಲಾಗಿ, ಯಾರು ಬರೆದದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ, ತಾನೂ ಒಂದು ಮರೆ ಹುಡುಕಿಕೊಂಡದ್ದು ಆಗ ಹೊಳೆದಿರಲಿಲ್ಲ. ಚರ್ಚಿನಿಂದ ಬರುವಾಗ ಮಂಗಳೂರಿನಿಂದ ಲಕ್ಷಿತನ ವಾಯ್ಸ್ ಮೆಸೇಜು, ಅವನೇ ಅಲ್ಲಿ ಫೈಲು ತಪಾಸು ಮಾಡುವವನು – ವನೆಸ್ಸಾ ಮೇಡಂ, ಹದಿನೇಳನೇ ನಿಮಿಷದಲ್ಲಿ ಎಂಥದ್ದು ಮಾರಾಯ್ರೆ, ಆಡಿಯೋದಲ್ಲಿ ಇಲ್ಲದ್ದು ನೀವು ಬರೆದ್ರೆ ನಾಳೆ ಬೈಬಲೂ ಬರೀತೀರಿ, ತೆಗೆದಿದ್ದೇನೆ ಆಯ್ತಾ, ಕೋಪ ಮಾಡ್ಬೇಡಿ. ಇವಳು ಕಾರಿನ ಹಿಂದಿನ ಸೀಟಿನಲ್ಲಿ ಕೂತೇ ಬರೆದಳು, ಅದು ಮುಖ್ಯ, ಅವರಿಗೆ ತಲುಪಬೇಕು. ಬಂತು ಉತ್ತರ, ಕ್ಲಯಂಟಿನ ಹತ್ತಿರ ನಾವು ಮಾತಾಡುವ ಹಾಗಿಲ್ಲ ಮೇಡಂ, ನನ್ನ ಮೇಲೆ ಇನ್ನೂ ನಾಲ್ಕು ಜನ ಇದ್ದಾರೆ, ಅವರಿಗೆ ನಾನು ಎಂತ ಹೇಳುವುದು, ಹುಡುಗ ಹೆದರಿದ್ದ ಅಂತ ಹೇಳುವುದಾ, ಜೊತೆಗೆ ಕೈಮುಗಿದ ಒಂದು ಚಿತ್ರ. ಹೌದು, ಹಾಗೇ ಹೇಳುವುದು, ಅದನ್ನೇ ಹೇಳುವುದು, ಅವಳಿಗೆ ಫೋನನ್ನು ಕಿಟಕಿಯಿಂದ ಆಚೆ ಎಸೆಯಬೇಕು ಅನ್ನಿಸಿತು, ಎಸೆಯಲಿಲ್ಲ, ಓಕೆ ಅಂತ ಟೈಪ್ ಮಾಡಿದಳು, ಯಾವಾಗಲೂ ಕೊನೆಗೆ ಇದೇ, ಓಕೆ.

ಇನ್ನು ಉಳಿದದ್ದು ಒಂದೇ, ಯೆಶಿವಾದ ಈಮೇಲ್ ವಿಡಿಯೊದ ಕೊನೆಯಲ್ಲಿ ಬರುತ್ತದೆ, ನೇರ ಬರೆಯಬಹುದು, ಸೂರ್ಯ ಮುಳುಗಿದರೆ ಅವರ ಸಬ್ಬತ್, ನಾಳೆ ಕತ್ತಲಾಗುವ ತನಕ ಯಾರೂ ಯಂತ್ರ ಮುಟ್ಟುವುದಿಲ್ಲ, ಆಮೇಲೆ ನೂರು ಈಮೇಲ್‌ಗಳ ಅಡಿಯಲ್ಲಿ ಇವಳದ್ದು, ಭಾನುವಾರ ಬೆಳಿಗ್ಗೆ ರಬ್ಬಿ ಹೊರಟುಬಿಡುತ್ತಾರೆ. ಈಗಲೇ ಆಗಬೇಕು. ಆದರೆ ಹೇಗೆ, ಈ ಅರಬ್ ದೇಶದಿಂದ ಇಸ್ರೇಲಿಗೆ, ಪಪ್ಪ ಘಾಲಾದ ಗೋಡೌನಿನಲ್ಲಿ ಸ್ಟೋರ್‌ಕೀಪರ್, ಪಪ್ಪನ ವೀಸಾ ಕೈಯಲ್ಲಿಟ್ಟುಕೊಂಡ ಅರಬಿ ಮಾಲೀಕ, ಕಫೀಲ್, ಕೇಳಿದರೆ, ಕೆಳಗಿನ ಫ್ಲಾಟಿನ ನಾಝಿಯಾ ಕೇಳಿದರೆ – ನಾಝಿಯಾ, ಟಿವಿಯ ಎದುರು ಬೇಳೆ ಆರಿಸುತ್ತ ಕೂತವಳು, ಗಾಝಾದ ಆಸ್ಪತ್ರೆಯಲ್ಲಿ ಮೈತುಂಬ ಸುಣ್ಣದ ಧೂಳಾದ ಒಂದು ಮಗು, ಅಳುವುದನ್ನೂ ಮರೆತು ನಡುಗುತ್ತಿತ್ತು, ನಾಝಿಯಾ ತಟ್ಟೆಯನ್ನು ಬದಿಗಿಟ್ಟು ಇವಳ ಕೈ ಹಿಡಿದುಕೊಂಡು ಇಸ್ ಬಚ್ಚೇ ಕೋ ಕೌನ್ ಬಚಾಯೇಗಾ, ಈ ಮಗುವನ್ನು ಉಳಿಸುವವರು ಯಾರು, ಅಂದಿದ್ದಳು, ಇವಳು ಕೈ ಬಿಡಿಸಿಕೊಂಡು ಮೇಲೆ ಬಂದು ಹೆಡ್‌ಫೋನ್ ಹಾಕಿ ಆ ಹುಡುಗರ ಪಾಠವನ್ನೇ ಟೈಪ್ ಮಾಡಿದ್ದಳು. ಆ ಮಗುವಿನ ಮರೆ ಯಾವುದು, ಅದಕ್ಕೆ ಮನೆಯೂ ಇಲ್ಲ ತೋಟವೂ ಇಲ್ಲ, ಅದನ್ನು ಹಾಗೆ ಮಾಡಿದ ಸೈನ್ಯದಲ್ಲೇ ಈ ಹೆಬ್ಬೆರಳೂ ಇತ್ತಲ್ಲ, ಇದರ ಮೇಲೆ ತನಗೆ ಯಾಕೆ ಮರುಕ, ಸಿಟ್ಟು ಯಾಕಿಲ್ಲ, ಸಿಟ್ಟೂ ಉಂಟು, ಎರಡೂ ಉಂಟು, ಎರಡನ್ನೂ ಇಟ್ಟುಕೊಳ್ಳಲು ಈ ಮನೆಯಲ್ಲಿ ಜಾಗ ಇಲ್ಲ, ಅವನು ಹೆದರಿದ್ದ, ಹೆದರಿಯೂ ಹೋದ, ಹೆದರಿದವರಿಗೆ ಹಿಂದೆ ಬರಲು ಒಂದು ಬಾಗಿಲು ಇದ್ದಿದ್ದರೆ ಆ ಮಗುವಿಗೂ ಅಷ್ಟು ಬಂದೂಕು ಕಡಿಮೆ ಆಗುತ್ತಿತ್ತೋ ಏನೋ, ಅವನ ಪ್ರಶ್ನೆ ಅದೇ ಅಲ್ವಾ, ಹಾಗಾದರೆ ಅದು ಬ್ರ್ಯಾಕೆಟಿನಲ್ಲಿ ಸಾಯಬಾರದು. ಕಳಿಸಬೇಕು. ಪಪ್ಪ ಬಿಡುವುದಿಲ್ಲ. ಪಪ್ಪ ಬಿಟ್ಟಿದ್ದರೆ ಕಳಿಸುತ್ತಿದ್ದೆ.

ಊಟಕ್ಕೆ ಬಾ ಬಾಯೆ, ಕೋರಿ ರೊಟ್ಟಿ ಮೆತ್ತಗಾಗ್ತದೆ, ಮಗಳನ್ನು ಕರೆದಳು ಮಮ್ಮಿ. ಪಪ್ಪ ಬನಿಯನ್‌ನಲ್ಲಿ ಕೂತಿದ್ದಾರೆ, ಸಿಪ್ರಿಯನ್ ಅಂದರೆ ಗೋಡೌನಿನಲ್ಲಿ ಎಲ್ಲರೂ ಹೆದರುತ್ತಾರೆ ಅಂತ ಮಮ್ಮಿ ಹೇಳುವುದು, ಮನೆಯಲ್ಲಿ ಕೋಳಿಯ ಕಾಲನ್ನು ಮಗಳ ತಟ್ಟೆಗೆ ಹಾಕಿ ರೆಕ್ಕೆ ತಿನ್ನುವ ಮನುಷ್ಯ. ಮಮ್ಮಿ ಸಾರು ಬಡಿಸುತ್ತ, ಇವತ್ತು ಚರ್ಚಿನಲ್ಲಿ ಆ ಶರಲ್ ಸಿಕ್ಕಿದಳು, ಆ ಇಬ್ರಾ ಊರಿನ ಶಾಲೆಯಲ್ಲಿ ಇನ್ನೂ ಟೀಚರ್ ಬೇಕಂತೆ, ನಿಮ್ಮ ಯಜಮಾನರು ಒಪ್ಪಿದ್ರೆ ಈಗಲೂ ಕಳ್ಸಿ ಅಂದಳು, ನೀವು ಆವತ್ತು ಬೇಡ ಅಂದದ್ದು ತಪ್ಪು ನೋಡಿ. ಪಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು, ಯಾರು ಬೇಡ ಅಂದದ್ದು. ನೀವೇ. ನಾನಾ, ನನಗೆ ಇಬ್ರಾದ ಸುದ್ದಿಯೇ ಗೊತ್ತಿಲ್ಲ ಡಾಲಿ. ಮಮ್ಮಿ ಇವಳನ್ನು ನೋಡಿದಳು. ಮತ್ತೆ ಪೂಜೆಯಲ್ಲಿ ಇವಳು ವಾಚನ ಓದುವುದಕ್ಕೆ ಬೇಡ ಅಂದದ್ದು. ಅದೂ ನಾನಲ್ಲ, ಅಂದರು ಪಪ್ಪ, ನಿಧಾನಕ್ಕೆ ನಗಲು ಶುರುಮಾಡಿದರು, ಹೊಟ್ಟೆ ಕುಣಿಯುವ ಹಾಗೆ, ಅಲ್ಲ ಬಾಯೆ, ನಾನು ಅಷ್ಟು ಕೆಟ್ಟವನು ಅಂತ ಊರಿಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ ನೋಡು. ವನೆಸ್ಸಾ ತಟ್ಟೆ ನೋಡಿದಳು, ರೊಟ್ಟಿ ಸಾರಿನಲ್ಲಿ ಕರಗುತ್ತಿದೆ, ಪಪ್ಪ, ಒಂದು ಮೇಲ್ ಕಳಿಸಬೇಕು, ಅಂದಳು, ಅದೂ ಈಗಲೇ, ಯಾಕೆ ಅಂದಳೋ, ಬೇಡ ಅನ್ನಲಿ ಅಂತಲೇ ಇರಬೇಕು, ಎಲ್ಲ ಹೇಳಿದಳು, ಯಾರಿಗೆ, ಯಾವ ದೇಶಕ್ಕೆ, ಯಾವ ಹುಡುಗ, ಹೇಳುತ್ತ ಹೇಳುತ್ತ ಪಪ್ಪನ ಮುಖದಲ್ಲಿ ಆ ಬೇಡ ಬರುವುದನ್ನು ಕಾದಳು. ಪಪ್ಪ ನಗು ನಿಲ್ಲಿಸಿ ಎಲುಬನ್ನು ತಟ್ಟೆಯ ಅಂಚಿಗಿಟ್ಟರು. ಕಫೀಲ್ ಕೇಳಿದ್ರೆ ತೊಂದರೆ ಆಗಲೂಬಹುದು, ಅಂದರು, ಅದನ್ನು ನಾನು ನೋಡಿಕೊಳ್ತೇನೆ, ನನ್ನ ಹೆಸರು ಹೇಳಿ ಕಳಿಸದೇ ಇರಬೇಡ ಈ ಸಲ, ಬೇಡ ಅಂತಿದ್ರೆ ನಿನ್ನ ಬೇಡ ಆಗಿರಲಿ. ಇಷ್ಟು ಹೇಳಿ ಮಮ್ಮಿಯ ಕಡೆ ತಟ್ಟೆ ಚಾಚಿದರು, ಇನ್ನೊಂಚೂರು ಸಾರು ಹಾಕು.

ಅವಳು ಕೈ ತೊಳೆದು ಬಂದಾಗಿನಿಂದ ಮಂಚದ ಅಂಚಿನಲ್ಲೇ ಕೂತಿದ್ದಾಳೆ, ಫೋನಿನಲ್ಲಿ ಅವನ ಮಾತು ಇದ್ದ ಹಾಗೆ ಬರೆದಾಗಿದೆ, ಕೊನೆಯಲ್ಲಿ ವನೆಸ್ಸಾ, ಮಸ್ಕತ್, ಅಂತಲೂ ಬರೆದಾಗಿದೆ, ಅಳಿಸಿ ಮತ್ತೆ ಬರೆದಾಗಿದೆ, ಎದುರಿನ ಗೋಡೌನಿನ ಶೀಟಿನ ಮೇಲೆ ಬಿಸಿಲು ಕೆಂಪಾಗುತ್ತ ಬಂತು, ಕೆಳಗೆ ಯಾರೋ ಯಲ್ಲಾ ಅಂತ ಕೂಗಿ ಶಟರ್ ಎಳೆದರು, ನಾಝಿಯಾಳ ಟಿವಿ ನೆಲದಡಿಯಿಂದ ಗುಂಯ್‌ಗುಟ್ಟುತ್ತದೆ, ಲಕ್ಷಿತ್ ಇಲ್ಲ, ಕಫೀಲ್ ಇಲ್ಲ, ಪಪ್ಪ ಇಲ್ಲ, ಮನೆ ಇಲ್ಲ, ತೋಟ ಇಲ್ಲ, ಎಲ್ಲರೂ ಸರಿದು ನಿಂತು ದಾರಿ ಬಿಟ್ಟಿದ್ದಾರೆ, ಇಷ್ಟು ಬಯಲು ತಾನು ಯಾವತ್ತೂ ಕಂಡಿರಲಿಲ್ಲ, ಗಂಟಲು ಸರಿಮಾಡಿಕೊಂಡಳು, ಒಮ್ಮೆ, ಇನ್ನೊಮ್ಮೆ, ಯಾರೂ ನಡುವೆ ಬರಲಿಲ್ಲ, ತೊಳೆದರೂ ಉಗುರಿನ ಬುಡದಲ್ಲಿ ಸಾರಿನ ಅರಸಿನ ಉಳಿದಿದೆ, ಫೋನಿನ ಗಾಜಿನ ಮೇಲೆ, ‘ಕಳಿಸು’ ಅನ್ನುವಲ್ಲಿ, ಒತ್ತದೆ, ಎತ್ತದೆ, ಹೆಬ್ಬೆರಳು, ಪುಸ್ತಕಗಳೆಲ್ಲ ಮುಚ್ಚಿದ ಮೇಲೂ ಆ ಒಂದು ಸಾಲಿನ ಮೇಲೆ, ಹೆಬ್ಬೆರಳು