ಕೊನೆಗೆ ಹತ್ತುವವಳು

ಆ ಮನೆಯವರು ಎಲ್ಲಿಗೆ ಹೊರಟರೂ ಕೊನೆಗೆ ಗಾಡಿ ಹತ್ತುತ್ತಿದ್ದವಳು ಅಮ್ಮ. ಗ್ಯಾಸ್ ಆರಿಸಿದ್ದಾರಾ, ನಲ್ಲಿ ನಿಲ್ಲಿಸಿದ್ದಾರಾ, ಹಿಂಬಾಗಿಲ ಚಿಲಕ ಬಿದ್ದಿದೆಯಾ ಎಂದು ಒಂದು ಸುತ್ತು ನೋಡಿ, ಮುಂಬಾಗಿಲಿಗೆ ಬೀಗ ಜಡಿದು, ಎರಡು ಸಲ ಜಗ್ಗಿ ಅವಳು ಬರುವಷ್ಟರಲ್ಲಿ ಇಬ್ಬರು ಮಕ್ಕಳು, ಇಬ್ಬರು ಸೊಸೆಯರು, ಮೊಮ್ಮಗಳು ವ್ಯಾನಿನೊಳಗೆ ಕೂತು ಹಾರ್ನ್ ಹೊಡೆಯುತ್ತಿದ್ದರು. ಗಾಡಿ ಓಡಿಸುವವಳೂ ಅವಳೇ ಆದ್ದರಿಂದ ಆ ಹಾರ್ನಿಗೆ ಅಮ್ಮ ಸೊಪ್ಪು ಹಾಕುತ್ತಿರಲಿಲ್ಲ.

ಅಮ್ಮ ಟೈಲರ್. ನಲವತ್ತು ವರ್ಷ ಶಾಲೆಗಳಿಗೆ ಯೂನಿಫಾರಂ ಹೊಲಿದವಳು. ಆ ಎತ್ತರದ ವ್ಯಾನನ್ನು ಕೊಂಡದ್ದೂ ಬಟ್ಟೆಯ ಗಂಟು ಸಾಗಿಸಲೆಂದೇ. ಮನೆ ತುಂಬಿದ ಮೇಲೆ ಅದು ಮನೆಮಂದಿಯ ಗಾಡಿಯಾಯಿತು. ಕಳೆದ ವರ್ಷ ಅಂಗಡಿಯ ಮೆಟ್ಟಿಲಲ್ಲಿ ಜಾರಿ ಸೊಂಟದ ಕೀಲು ಮುರಿದುಕೊಂಡಳು. ಹೊಸ ಕೀಲು ಕೂರಿಸಿದರು. ಎಂಟು ತಿಂಗಳ ಬಳಿಕ ಡಾಕ್ಟರು ನಡೆಸಿ ನೋಡಿ, ಕೂರಿಸಿ ನೋಡಿ, "ಇನ್ನು ಗಾಡಿ ಓಡಿಸಬಹುದು. ಆದರೆ ಹತ್ತುವಾಗ ಕಾಲು ಹದಿಮೂರು ಇಂಚಿಗಿಂತ ಮೇಲೆ ಎತ್ತಬೇಡಿ" ಎಂದರು. ಅಮ್ಮನಿಗೆ ಕೇಳಿಸಿದ್ದು ಮೊದಲ ಮಾತು, ಮಕ್ಕಳಿಗೆ ಕೇಳಿಸಿದ್ದು ಎರಡನೆಯದು.

ಅಂದಿನಿಂದ ಶುರುವಾಯಿತು ಆ ಎತ್ತುವ ಕಾರುಬಾರು. ದೊಡ್ಡವನು ಒಂದು ಕಂಕುಳಿಗೆ, ಚಿಕ್ಕವನು ಇನ್ನೊಂದು ಕಂಕುಳಿಗೆ ಕೈ ಕೊಟ್ಟು "ಹುಷಾರು, ತಲೆ, ತಲೆ!" ಎನ್ನುತ್ತ ಅಕ್ಕಿ ಮೂಟೆಯ ಹಾಗೆ ಅವಳನ್ನು ಹಿಂದಿನ ಸೀಟಿಗೆ ಏರಿಸುತ್ತಿದ್ದರು. ಎದುರು ಮನೆಯವರು ಕಿಟಕಿಯಿಂದ ಪುಕ್ಕಟೆ ತಮಾಷೆ ನೋಡುತ್ತಿದ್ದರು. ಸ್ಟೇರಿಂಗ್ ದೊಡ್ಡವನ ಪಾಲಾಯಿತು. ಅಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಮಕ್ಕಳು ಪ್ರೀತಿಯಿಂದಲೇ ಮಾಡುತ್ತಿದ್ದಾರಲ್ಲ ಎಂದು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು.

ಕೊನೆಗೆ ಗಾಡಿಯನ್ನೇ ತಗ್ಗಿಸುವುದೆಂದು ತೀರ್ಮಾನವಾಯಿತು. ಗ್ಯಾರೇಜಿನ ಮೇಸ್ತ್ರಿ ಎರಡು ದಾರಿ ಹೇಳಿದ. ಒಂದು, ಈಗಿನ ಸ್ಪ್ರಿಂಗು ತೆಗೆದು ಗಿಡ್ಡ ಸ್ಪ್ರಿಂಗು ಹಾಕುವುದು. ಗಾಡಿ ಎರಡಿಂಚು ಕೆಳಗಿಳಿದು ಕಾಯಂ ಹಾಗೇ ಇರುತ್ತದೆ, ಕೆಡಲು ಏನೂ ಇಲ್ಲ. ಇನ್ನೊಂದು, ಏರ್ ಸಸ್ಪೆನ್ಷನ್. ಸ್ಪ್ರಿಂಗಿನ ಜಾಗದಲ್ಲಿ ಗಾಳಿಯ ಚೀಲ. ಸ್ವಿಚ್ಚು ಒತ್ತಿದರೆ ನಿಂತ ಗಾಡಿ ನಾಲ್ಕಿಂಚು ಕೂರುತ್ತದೆ, ಹೊರಡುವಾಗ ಮತ್ತೆ ಏಳುತ್ತದೆ. ಖರ್ಚು ಜಾಸ್ತಿ, ರಗಳೆಯೂ ಜಾಸ್ತಿ.

ಭಾನುವಾರ ಬೆಳಿಗ್ಗೆ ಎಲ್ಲರೂ ಹೊರಗೆ ಹೊರಟಾಗಲೇ ಅಳತೆ ನಡೆಯಿತು. ದೊಡ್ಡವನು ಮನೆಮಂದಿಯನ್ನೆಲ್ಲ ಗಾಡಿಗೆ ಹತ್ತಿಸಿ ಕೂರಿಸಿ, ತಾನೂ ಸ್ಟೇರಿಂಗ್ ಮುಂದೆ ಕೂತು, ಬಾಗಿಲಿನಿಂದ ಬಗ್ಗಿ ಟೇಪು ಇಳಿಬಿಟ್ಟ. ನೆಲದಿಂದ ಗಾಡಿಯ ಅಂಚಿಗೆ ಹದಿನೈದಿಂಚು. ಎರಡು ಕಳೆದರೆ ಹದಿಮೂರು.

"ಅಮ್ಮಂಗೆ ಹೇಳಿ ಮಾಡಿಸಿದ ಹಾಗಿದೆ! ಗಿಡ್ಡ ಸ್ಪ್ರಿಂಗೇ ಸಾಕು."

ಅಮ್ಮ ಆಗ ಎಲ್ಲಿದ್ದಳು? ಬಾಗಿಲಿಗೆ ಬೀಗ ಹಾಕುತ್ತಿದ್ದಳು.

ಮಾರನೆಯ ದಿನ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಅಮ್ಮ ಕೊರಳಿನ ಟೇಪು ತೆಗೆದು ಖಾಲಿ ಗಾಡಿಯ ಪಕ್ಕ ನಿಂತಳು. ಅಂಚಿಗೆ ಹಿಡಿದು ನೋಡಿದಳು. ಹದಿನೇಳು. ಟೇಪು ಹಳತಾಗಿ ಕುಗ್ಗಿದೆಯೇನೋ ಎಂದು ಮರದ ಸ್ಕೇಲು ತಂದು ನೋಡಿದಳು. ಹದಿನೇಳೇ. ಆಗ ಹೊಳೆಯಿತು. ಅಷ್ಟೂ ಜನ ಕೂತ ಭಾರಕ್ಕೆ ಗಾಡಿ ಎರಡಿಂಚು ಕುಸಿದಿತ್ತು. ಗಿಡ್ಡ ಸ್ಪ್ರಿಂಗು ಹಾಕಿಸಿದರೆ ಅವಳು ಗಾಡಿ ಹತ್ತಬಹುದು, ಮನೆಮಂದಿಯೆಲ್ಲ ಮೊದಲೇ ಹತ್ತಿ ಕೂತಿದ್ದರೆ ಮಾತ್ರ. ಅವಳೊಬ್ಬಳೇ ಬಂದು ನಿಂತರೆ ಗಾಡಿ ಹದಿನೈದಿಂಚು ಎತ್ತರದಲ್ಲಿ, ಅವಳ ಕಾಲು ಕೆಳಗೆ. ಸಾಯುವ ತನಕ ಅವಳು ಒಬ್ಬಳೇ ಎಲ್ಲಿಗೂ ಹೋಗುವ ಹಾಗಿರಲಿಲ್ಲ.

ಅಮ್ಮನಿಗೆ ಮೊದಲು ಅಳು ಬಂತು, ಅದರ ಬೆನ್ನಿಗೇ ಸಿಟ್ಟು. ಸಿಟ್ಟನ್ನೇ ಇಟ್ಟುಕೊಂಡಳು. ಕೋಲು ಊರಿಕೊಂಡು ಎರಡು ಬೀದಿ ದಾಟಿ ಗ್ಯಾರೇಜಿಗೆ ನಡೆದಳು.

ಮೇಸ್ತ್ರಿ ಗಾಡಿಯೊಂದರ ಅಡಿಯಿಂದ ತಲೆ ಹೊರಗೆ ಹಾಕಿದ. "ಏನಮ್ಮಾ, ನೀವೇ ಬಂದ್ರಿ? ಗಿಡ್ಡ ಸ್ಪ್ರಿಂಗು ತರಿಸಿ ಅಂತ ನಿಮ್ಮ ದೊಡ್ಡ ಮಗ ಹೇಳಿದಾರೆ."

"ಬೇಡ. ಗಾಳಿ ಚೀಲ ಹಾಕಪ್ಪ. ಹದಿನೇಳರಲ್ಲಿ ನಾಲ್ಕು ಕಳೆದ್ರೆ ಹದಿಮೂರು."

ಮೇಸ್ತ್ರಿ ಎದ್ದು ಕೈ ಒರೆಸಿಕೊಂಡು ದೊಡ್ಡವನಿಗೆ ಫೋನು ಮಾಡಿದ. ಕಾಲು ಗಂಟೆಯಲ್ಲಿ ದೊಡ್ಡವನು ಆಫೀಸಿನಿಂದ ಏದುಸಿರು ಬಿಡುತ್ತ ಬಂದ.

"ಅಮ್ಮಾ, ಇದೆಲ್ಲ ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯ? ನಾನು ಅಳತೆ ತಗೊಂಡಿದೀನಿ."

"ಯಾರ ಅಳತೆ ತಗೊಂಡೆ? ಅಂಗಿ ಹಾಕ್ಕೊಳ್ಳೋನ ಅಳತೆಗೆ ಅವನ ಮನೆಯವರನ್ನೆಲ್ಲ ನಿಲ್ಲಿಸ್ತಾರೇನೋ? ಖಾಲಿ ಗಾಡಿ ಹದಿನೇಳಿಂಚಿದೆ. ಹೋಗಿ ನೋಡು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೂ ಸೋಲಲಿಲ್ಲ, ಅಮ್ಮನ ಮಗನೇ ತಾನೆ. "ಆಯ್ತು, ಖಾಲಿ ಗಾಡಿ ಎತ್ತರವೇ. ಆದ್ರೆ ನಾವೆಲ್ಲ ಹತ್ತಿದ ಮೇಲೆ ತಾನೆ ನೀನು ಹತ್ತೋದು? ಯಾವಾಗ್ಲೂ ಹಾಗೇ ಅಲ್ವಾ?"

"ಇಷ್ಟು ದಿನ ಹಾಗೆ."

"ಒಬ್ಬಳೇ ಎಲ್ಲಿಗೆ ಹೋಗ್ಬೇಕು ನಿಂಗೆ?"

"ಎಲ್ಲಿಗೆ ಅಂತ ನಿನ್ನ ಕೇಳಿ ಹೋಗೋದಾದ್ರೆ ಒಬ್ಬಳೇ ಹೋಗೋ ಸುಖ ಏನಿದೆಯೋ?"

ಮೇಸ್ತ್ರಿ ಕೆಮ್ಮಿದ. "ಅಮ್ಮಾ, ಒಂದು ಮಾತು. ಗಾಳಿ ಚೀಲ ಸೋರಬಹುದು. ಆರು ತಿಂಗಳಿಗೊಂದ್ಸಲ ತಂದು ತೋರಿಸ್ಬೇಕಾಗುತ್ತೆ."

"ನನ್ನ ಸೊಂಟಾನೂ ಆರು ತಿಂಗಳಿಗೊಂದ್ಸಲ ತೋರಿಸ್ತೀನಿ. ಎರಡನ್ನೂ ಒಂದೇ ದಿನ ತೋರಿಸಿದ್ರಾಯ್ತು."

"ಬೀಳ್ತೀಯಮ್ಮಾ," ಎಂದ ದೊಡ್ಡವನು. ಈ ಸಲ ಅವನ ದನಿಯಲ್ಲಿ ಜೋರಿರಲಿಲ್ಲ, ಭಯ ಇತ್ತು. ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ ಅಮ್ಮನನ್ನು ಮೊದಲು ಕಂಡವನು ಅವನೇ.

ಅಮ್ಮ ಅವನ ತೋಳು ಹಿಡಿದಳು. "ಬೀಳಬಹುದು ಕಣೋ. ಬಿದ್ರೆ ಎತ್ತು, ಬೇಡ ಅನ್ನಲ್ಲ. ಬೀಳೋಕೆ ಮುಂಚೇನೇ ಎತ್ತಬೇಡ. ಸೊಂಟ ನಂದು, ದುಡ್ಡು ನಂದು, ಗಾಡಿ ನಂದು."

ಮೇಸ್ತ್ರಿ ಮಗನ ಮುಖ ನೋಡಿದ. ಮಗ ನೆಲ ನೋಡುತ್ತಿದ್ದ. ಮೇಸ್ತ್ರಿ ತನ್ನ ಪುಸ್ತಕದಲ್ಲಿ ಬರೆದಿದ್ದನ್ನು ಹೊಡೆದುಹಾಕಿ ಬೇರೆ ಬರೆದುಕೊಂಡ.

ಎರಡು ವಾರದ ಮೇಲೆ ಗಾಡಿ ಮನೆಗೆ ಬಂತು. ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡು ಸಿದ್ಧರಾದರು, ಗಾಡಿಯ ಮೊದಲ ಸವಾರಿಗೆ ಮನೆಮಂದಿಯೆಲ್ಲ ಬೇಕಲ್ಲ ಎಂದು. ಅಮ್ಮ ಅವರಿಗಿಂತ ಮುಂಚೆ ಅಂಗಳಕ್ಕಿಳಿದು, ಗಾಡಿಯ ಬಾಗಿಲು ತೆರೆದು ಒಳಬದಿಯ ಸ್ವಿಚ್ಚು ಒತ್ತಿದಳು. ಗಾಡಿ ಉಸ್ಸೆಂದು ಕೂತಿತು. ದೊಡ್ಡವನ ಕೈ ತಾನಾಗಿಯೇ ಅವಳ ಕಂಕುಳಿನತ್ತ ಹೋಯಿತು. ಅಮ್ಮ ಆ ಕೈಯಲ್ಲಿ ಬೀಗ ಮತ್ತು ಕೀಲಿಕೈ ಇಟ್ಟಳು.

ಆಮೇಲೆ ಬಾಗಿಲು ಹಿಡಿದು ಕಾಲೆತ್ತಿದಳು. ಎರಡನೆಯ ಕಾಲನ್ನು ಸ್ವಲ್ಪ ತಡೆದು ಎಳೆದುಕೊಂಡಳು. ನೋವಾಯಿತು, ಯಾರಿಗೂ ತೋರಿಸಲಿಲ್ಲ. ಸ್ಟೇರಿಂಗ್ ಮುಂದೆ ಕೂತು ಕನ್ನಡಿ ತನ್ನ ಕಣ್ಣಿಗೆ ಸರಿಮಾಡಿಕೊಂಡಳು.

"ಗ್ಯಾಸ್ ಆರಿಸಿದೆಯಾ ನೋಡು. ಹಿಂಬಾಗಿಲ ಚಿಲಕ ನೋಡು. ಬೀಗ ಎರಡು ಸಲ ಜಗ್ಗು."

"ತಾಳಮ್ಮಾ, ನಾವೂ ಬರ್ತಿದೀವಿ."

"ನಿಮ್ಮನ್ನ ಕರೆದೋರ್ಯಾರು?"

ಗಾಡಿ ನಾಲ್ಕಿಂಚು ಎದ್ದು ಗೇಟು ದಾಟಿತು. ಬೀದಿಯ ಹಂಪನ್ನು ನಿಧಾನಕ್ಕೆ, ಹೊಟ್ಟೆ ತಾಗಿಸದೆ ಹತ್ತಿಳಿಯಿತು. ತಿರುವಿನಲ್ಲಿ ಅಮ್ಮ ಒಮ್ಮೆ ಉದ್ದಕ್ಕೆ ಹಾರ್ನ್ ಹೊಡೆದಳು. ದೊಡ್ಡವನು ಬೀಗ ಕೈಯಲ್ಲಿ ಹಿಡಿದು ಗೇಟಿನಲ್ಲೇ ನಿಂತಿದ್ದ.