ವಲ್ಲಿಯ ಕೆಳಗಿನ ಬೆರಳು

ಎಪ್ಪತ್ತೆಂಟನೆಯ ಇಸವಿಯಲ್ಲಿ ನಮ್ಮ ಬೇವೂರಿನ ಶಾಲೆಗೆ ಇಂದ್ರಾಬಾಯಿ ಅಂತ ಹೊಸ ಅಕ್ಕೋರು ಬಂದರು. ಬಂದು ತಿಂಗಳಾಗುವುದರೊಳಗೆ ನನ್ನ ಮನೆ ಕೆಟ್ಟಿತು. ಹೆಂಡತಿ ಸತ್ಯವ್ವ ಇದನ್ನು ಒಪ್ಪುವುದಿಲ್ಲ. ಅವಳು ನನ್ನ ಯಾವ ಮಾತನ್ನು ಒಪ್ಪಿದ್ದಾಳೆ, ಬಿಡಿ.

ನಾನು ಕನಕಪ್ಪ, ದನದ ದಲ್ಲಾಳಿ. ಒಬ್ಬಳೇ ಮಗಳು ಮಾಯವ್ವ ಆಗ ಏಳನೇ ಇಯತ್ತೆ. ಅಲ್ಲಿಯವರೆಗೆ ನಾನು ಸಂತೆಯಿಂದ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಕಾದು ಕೂತಿರುತ್ತಿದ್ದಳು. ಯಾವ ಎತ್ತು ಹೇಗಿತ್ತು, ಯಾರು ಯಾರಿಗೆ ಟೋಪಿ ಹಾಕಿದರು, ಎಲ್ಲ ಕೇಳಿಯೇ ಊಟಕ್ಕೆ ಏಳುತ್ತಿದ್ದಳು. ಈಗ ರೊಟ್ಟಿ ಮುರಿದರೆ ಅಕ್ಕೋರು, ನೀರು ಕುಡಿದರೆ ಅಕ್ಕೋರು. ಅಕ್ಕೋರು ಹಿಂಗಂದ್ರು, ಅಕ್ಕೋರು ಹಂಗಂದ್ರು! ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಮಗಳು ನನಗೆ ವಾಪಸ್ಸು ಬೇಕಾಗಿತ್ತು, ಅಷ್ಟೇ.

ಒಂದು ಸಂಜೆ ಬಂದು ನೋಡುತ್ತೇನೆ, ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದ ಖಡುವಿನಿಂದ ದೊಡ್ಡದಾಗಿ ಬರೆದಿದ್ದಾಳೆ: ಘಬಘಭ್ಭ.

"ಏನವಾ ಇದು, ಎಮ್ಮಿ ಕೆಮ್ಮಿದಂಗ?"

"ನಿನ್ನ ಹೆಸರಪಾ! ಕನಕಪ್ಪ. ಒಂದೊಂದು ಅಕ್ಷರ ಮೂರು ಮನಿ ಮುಂದ ನಡಸೀನಿ. ಕ ಆದಮ್ಯಾಲೆ ಖ, ಗ, ಘ. ಅದಕ್ಕ ಕ ಹೋಗಿ ಘ ಆತು. ಓದಬೇಕಂದ್ರ ಮೂರು ಮನಿ ಹಿಂದ ಬರಬೇಕು. ಮೂರು ಅನ್ನೂದು ಕೀಲಿಕೈ. ಅಕ್ಕೋರು ಗುಪ್ತ ಲಿಪಿ ಕಲಸ್ಯಾರ."

ಬೀರಪ್ಪನ ಗುಡಿಯಲ್ಲಿ ನಮ್ಮಜ್ಜ ಇಟ್ಟ ಹೆಸರನ್ನು ಆ ಅಕ್ಕೋರೆಂಬ ಹೆಣ್ಣುಮಗಳು ಮೂರು ಮನೆ ಆಚೆ ಓಡಿಸಿದ್ದಳು.

"ಮತ್ತ ನಿನ್ನ ಕೀಲಿಕೈನೂ ಮೂರ?"

"ಅದು ಕಲಿಯಾಕ ಅಷ್ಟ. ನನ್ನದು ಬ್ಯಾರೆ ಐತಿ, ಹೇಳಂಗಿಲ್ಲ. ನಡಸೋ ರೀತಿ ಊರಿಗೆಲ್ಲ ಗೊತ್ತಾದ್ರೂ ಚಿಂತಿಲ್ಲ, ಕೀಲಿಕೈ ಮಾತ್ರ ಗೊತ್ತಾಗಬಾರದು."

"ಅಪ್ಪಗೂ?"

"ಅಪ್ಪಗೂ."

"ಅಕ್ಕೋರಿಗೆ?"

"ಅವರು ತಪ್ಪು ತಿದ್ದಬೇಕಲ್ಲ. ಅವರಿಗೆ ಗೊತ್ತೈತಿ."

ನೋಡಿ, ಹೆತ್ತವನಿಗೆ ಇಲ್ಲ, ನಿನ್ನೆ ಮೊನ್ನೆ ಬಂದವಳಿಗೆ ಉಂಟು! ನಾನು ಹೆಗಲ ಮೇಲಿನ ವಲ್ಲಿ ತೆಗೆದು ಅವಳ ಮುಂದೆ ಕೊಡವಿದೆ. ಸಂತೆಯಲ್ಲಿ ನಮ್ಮ ವ್ಯಾಪಾರ ನಡೆಯುವುದು ಈ ವಲ್ಲಿಯ ಕೆಳಗೆ. ಕೊಳ್ಳುವವನ ಕೈಯನ್ನು ಅದರ ಮರೆಯಲ್ಲಿ ಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತೇವೆ. ಸುತ್ತ ಎಷ್ಟು ಮಂದಿ ನಿಂತರೂ ಒಬ್ಬರಿಗೂ ಸುಳಿವು ಸಿಗುವುದಿಲ್ಲ.

"ಇದು ನಿಮ್ಮ ಅಕ್ಕೋರು ಹುಟ್ಟೂಕಿಂತ ಮೊದಲಿನ ಗುಟ್ಟು, ತಿಳೀತ?" ಎಂದೆ.

"ಅದು ಬರೇ ಮುಚ್ಚೂದಪಾ," ಎಂದಳು ಮಗಳು. "ವಲ್ಲಿ ಎತ್ತಿದ್ರ ಗುಟ್ಟು ಹೋತು. ಅಕ್ಕೋರದು ಕಣ್ಣಮುಂದ ಇಟ್ರೂ ತಿಳಿಯಂಗಿಲ್ಲ."

ಒಳಗಿನಿಂದ ಸತ್ಯವ್ವ ಕಿಸಕ್ಕನೆ ನಕ್ಕಳು. "ಮಾಯಾ, ಒಲಿ ಆರೇತಿ. ನಿಮ್ಮಪ್ಪನ್ನ ಒಳಗ ಕಳಸು, ಆ ಹೊಟ್ಟಿಕಿಚ್ಚಿನ ಮ್ಯಾಲೆ ನಾಕು ರೊಟ್ಟಿ ಬೇಯಿಸ್ತೇನಿ."

ನನಗೆ ರೋಷ ಬಂತು. ಬೆರಳಿನ ಲೆಕ್ಕ ಗಂಡುಮಕ್ಕಳಿಗಷ್ಟೇ, ಅದೂ ಮೀಸೆ ಬಂದ ಮೇಲೆ ಎಂಬುದು ದಲ್ಲಾಳಿಗಳ ಕಟ್ಟು. ಅದನ್ನು ಮುರಿದೆ. ಮಗಳ ಪುಟ್ಟ ಕೈಯನ್ನು ವಲ್ಲಿಯ ಕೆಳಗೆ ಹಿಡಿದು, ಯಾವ ಬೆರಳಿಗೆ ಎಷ್ಟು, ಯಾವ ಗೆಣ್ಣಿಗೆ ಎಷ್ಟು ಎಂದು ಎಲ್ಲ ಹೇಳಿಕೊಟ್ಟೆ. (ನಿಮಗೆ ಹೇಳುವುದಿಲ್ಲ, ಕೇಳಬೇಡಿ.) ಅವಳ ಕಣ್ಣು ಹೊಳೆಯತೊಡಗಿದವು. ಊಟಕ್ಕೆ ಕರೆದರೂ ಕೈ ಬಿಡಲಿಲ್ಲ. ಆ ಸಂಜೆ ಒಂದು ಸಲವೂ ಅಕ್ಕೋರ ಹೆಸರು ಬರಲಿಲ್ಲ. ನನಗೆ ಅಳು ಬರುವಷ್ಟು ಸಂತೋಷವಾಯಿತು.

"ಬೀರಪ್ಪನ ಆಣಿ ಮಾಡು," ಎಂದೆ. "ಇದನ್ನ ಯಾರಿಗೂ ಹೇಳಬಾರದು. ಅದರಾಗೂ ಆ ಅಕ್ಕೋರಿಗೆ."

ಮಾಯವ್ವ ಆಣೆ ಮಾಡಿದಳು.

ಮುಂದಿನ ವಾರ, ಹುಡುಗಿ ಹೇಗೆ ಓದುತ್ತಾಳೆ ಎಂದು ಕೇಳುವ ನೆಪ ಮಾಡಿಕೊಂಡು ಶಾಲೆಗೆ ಹೋದೆ. ಅಕ್ಕೋರು ನಗುತ್ತಲೇ ಹೊರಗೆ ಬಂದರು.

"ಭಾಳ ಶಾಣ್ಯಾ ಹುಡುಗಿ ರೀ. ಸಂತಿಯೊಳಗಿನ ಬೆರಳಿನ ಲೆಕ್ಕ ನನಗ ಬರ್ತದ ಅಂದ್ಲು. ಎಲ್ಲಾರಿಗೂ ತೋರ್ಸವಾ ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ ನೋಡ್ರಿ."

"ಮನಿತನದ ಗುಟ್ಟು ರೀ ಅಕ್ಕೋರ," ಎಂದೆ. "ಕಲಿಸಿದವರಿಗಿಂತ ಹೆತ್ತವರ ಹೆಚ್ಚು ನೋಡ್ರಿ." ಪಾಪ, ಅದಕ್ಕೂ ಅವರು ಹೌದ್ರಿ ಎಂದರು.

ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ. ಅಂಗಡಿಯಿಂದ ಅಮೀನಗಡದ ಕರದಂಟು ಕಟ್ಟಿಸಿಕೊಂಡಿದ್ದೆ. ಪೊಟ್ಟಣವನ್ನು ಮಗಳ ಕೈಗೆ ಕೊಟ್ಟು, "ನೀ ಖರೇ ಅಂದ್ರ ಅಪ್ಪನ ಮಗಳು! ಆ ಅಕ್ಕೋರು ಕೇಳಿದ್ರೂ ಹೇಳಲಿಲ್ಲಂತ?" ಎಂದೆ.

ಮಾಯವ್ವ ದೊಡ್ಡ ತುಂಡೊಂದನ್ನು ಬಾಯಿಗೆ ಹಾಕಿಕೊಂಡಳು. "ಬಾಯಿತನಕ ಬಂದಿತ್ತಪಾ. ಅಕ್ಕೋರು ಕೇಳಿದ್ರಲ್ಲ, ಹೇಳೇಬಿಡಬೇಕು ಅನಸ್ತು."

"ಮತ್ತ?"

"ಮೊದಲನೇ ದಿನಾನ ಅಕ್ಕೋರು ಹೇಳಿದ್ದು ನೆಪ್ಪಾತು. ಇನ್ನೊಬ್ಬರ ಗುಟ್ಟು ನಿಮ್ಮ ಕಡೆ ಇದ್ರ, ನಾನ ಕೇಳಿದ್ರೂ ಹೇಳಬ್ಯಾಡ್ರಿ ಅಂದಿದ್ರು. ಅದಕ್ಕ ಹೇಳಲಿಲ್ಲ."

"ಬೀರಪ್ಪನ ಆಣಿ?"

"ಅಯ್ಯ, ಅದು ಮರತ ಹೋಗಿತ್ತು!"

ಸತ್ಯವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ನಾನು ಗೋಡೆಯ ಮೇಲಿನ ಘಬಘಭ್ಭನನ್ನು ನೋಡುತ್ತ ನಿಂತೆ. ಆಣೆ ಹಾಕಿಸಿದವನು ನಾನು. ಮಗಳು ನಡೆಸಿದ್ದು ಅಕ್ಕೋರ ಮಾತು.