ಐದನೆಯ ಗ್ಲಾಸು

ಹತ್ತು ಗಂಟೆಗೆ ಮೊದಲನೆಯ ಬಿಳಿ ವೈನು, ಹತ್ತೂಕಾಲಿಗೆ ಎರಡನೆಯ ಬಿಳಿ. ಹತ್ತೂವರೆಯಿಂದ ಮೂರು ಕೆಂಪು, ಒಂದೊಂದಕ್ಕೂ ಹದಿನೈದು ನಿಮಿಷ. ಹನ್ನೊಂದೂಕಾಲಿಗೆ ಬಾಟಲಿಗಳ ಮುಸುಕು ತೆಗೆದು ಚೀಟಿ ಓದುವುದು. ಈ ಕ್ರಮವನ್ನು ಅವಳೇ ಬರೆದು ವೈನರಿಯ ಪ್ರಯೋಗಾಲಯದ ಬಾಗಿಲಿಗೆ ಅಂಟಿಸಿದ್ದಳು. ಹತ್ತಕ್ಕೆ ಏಳು ನಿಮಿಷವಿದ್ದಾಗ ಮೊದಲನೆಯ ಬಾಟಲಿಯ ಉಷ್ಣತೆ ನೋಡಿದಳು. ಒಂಬತ್ತು ಡಿಗ್ರಿ; ಸರಿಯಿತ್ತು. ಬಾಟಲಿಗೆ ಬಟ್ಟೆಯ ಚೀಲ ತೊಡಿಸಿ, ಕೊರಳಿಗೆ ದಾರ ಬಿಗಿದು, ‘೧’ ಎಂದು ಬರೆದ ಬಿಲ್ಲೆ ಕಟ್ಟಿದಳು.

ಪಕ್ಕದ ಕೋಣೆಯಲ್ಲಿ ಕುರ್ಚಿಗಳು ಸರಿದ ಸದ್ದು ಕೇಳಿಸಿತು. ದೊಡ್ಡ ಹೋಟೆಲೊಂದರ ಮುಖ್ಯ ಬಾಣಸಿಗರು ಬಂದಿದ್ದರು. ತಮ್ಮ ಅಡುಗೆಗೆ ಒಪ್ಪುವ ವೈನುಗಳನ್ನು ಆರಿಸಿಕೊಂಡು ಹೋಗುವವರು. ಇಂಥ ಅತಿಥಿಗಳು ಬಂದಾಗಲೆಲ್ಲ ವೈನರಿಯ ಯಜಮಾನರಿಗೆ ಒಂದು ಆಟ ಬೇಕೇಬೇಕು. ಮುಸುಕು ಹಾಕಿದ ಬಾಟಲಿಯಿಂದ ಬಗ್ಗಿಸಿದ್ದನ್ನು ಮೂಸಿ, ಅದು ಯಾವ ದ್ರಾಕ್ಷಿಯದು, ಯಾವ ಊಟದ ಜೊತೆ ಒಪ್ಪುತ್ತದೆ ಎಂದು ಅವಳ ದೊಡ್ಡಪ್ಪ ಹೇಳಬೇಕು. ಮೂವತ್ತು ವರ್ಷಗಳಲ್ಲಿ ಅವರು ತಪ್ಪಿದ್ದು ಯಾರಿಗೂ ನೆನಪಿಲ್ಲ. ಪೀಪಾಯಿ ತೊಳೆಯುವವರಿಂದ ಹಿಡಿದು ಲಾರಿ ಓಡಿಸುವವರವರೆಗೆ ಎಲ್ಲರೂ ಅವರನ್ನು ಮೂಗಿನ ಸಾಹೇಬರು ಎಂದೇ ಕರೆಯುತ್ತಿದ್ದರು.

ಆ ಮೂಗು ಎರಡು ವರ್ಷದ ಹಿಂದೆ ಒಂದು ಜ್ವರದಲ್ಲಿ ಹೋಗಿತ್ತು. ಹಾಸಿಗೆ ಬಿಟ್ಟು ಎದ್ದ ಮೊದಲ ದಿನವೇ ದೊಡ್ಡಪ್ಪ ನೆಲಮಾಳಿಗೆಗೆ ಇಳಿದು, ಒಂದಾದ ಮೇಲೊಂದು ಪೀಪಾಯಿಗೆ ಮೂಗು ಹಚ್ಚಿ, ಕೊನೆಗೆ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು. "ಏನೂ ಇಲ್ಲ ಕಣೇ ಪುಟ್ಟಿ. ಎಲ್ಲಾ ಬರೀ ನೀರಿದ್ದ ಹಾಗಿದೆ" ಎಂದು ಮಗುವಿನಂತೆ ಅತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಓದಿಸಿದವರು ಅವರು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಕಣ್ಣಿಗೆ ತಮ್ಮ ಕರವಸ್ತ್ರ ಕಟ್ಟಿ, ಪೆನ್ಸಿಲಿನ ಹೊಟ್ಟು, ಒದ್ದೆ ಸ್ಲೇಟು, ಆಗ ತಾನೇ ಕತ್ತರಿಸಿದ ದಪ್ಪ ಮೆಣಸಿನಕಾಯಿ, ಹೀಗೆ ಒಂದೊಂದನ್ನೇ ಮೂಗಿನ ಮುಂದೆ ಹಿಡಿದು ಹೆಸರು ಹೇಳಿಸಿದವರೂ ಅವರೇ. ರಸಾಯನಶಾಸ್ತ್ರದ ಪದವಿ ಅವಳಿಗೆ ಆಮೇಲೆ ಬಂದದ್ದು.

ಹಾಗಾಗಿ ಉಪಾಯವನ್ನು ಅವಳೇ ಹುಡುಕಿದ್ದಳು. ಒಂದು ವೈನಿಗೂ ಇನ್ನೊಂದಕ್ಕೂ ನಡುವೆ ನಾಲಿಗೆ ಶುದ್ಧವಾಗಲೆಂದು ಪ್ರತಿಯೊಬ್ಬರ ಮುಂದೆ ತಟ್ಟೆಯಲ್ಲಿ ಬ್ರೆಡ್ಡಿನ ತುಂಡೊಂದನ್ನು ಇಡುವುದು ವಾಡಿಕೆ. ತಟ್ಟೆಯ ಆಚೆಯ ಅಂಚಿನಲ್ಲಿ ದ್ರಾಕ್ಷಿ ಗೊಂಚಲಿನ ಮುದ್ರೆಯಿತ್ತು. ದೊಡ್ಡಪ್ಪನ ತಟ್ಟೆಯಲ್ಲಿ ಬ್ರೆಡ್ಡು ಗೊಂಚಲಿನ ಪಕ್ಕದಲ್ಲಿದ್ದರೆ ಶೆನಿನ್ ಬ್ಲಾಂಕ್ ದ್ರಾಕ್ಷಿಯ ವೈನು, ಬಲಕ್ಕಿದ್ದರೆ ಸೋವಿನ್ಯಾನ್ ಬ್ಲಾಂಕ್, ಎದೆಯ ಕಡೆಗಿದ್ದರೆ ಶಿರಾಜ್, ಎಡಕ್ಕಿದ್ದರೆ ಕ್ಯಾಬರ್ನೆ, ನಟ್ಟನಡುವೆ ಇದ್ದರೆ ಮೆರ್ಲೋ. ವರ್ಣನೆಯ ಮಾತುಗಳನ್ನು ಅವಳು ಮೊದಲೇ ಬರೆದುಕೊಡುತ್ತಿದ್ದಳು. ಅವರು ಬಾಯಿಪಾಠ ಮಾಡುತ್ತಿದ್ದರು. ಎರಡು ವರ್ಷದಿಂದ ಬಾಟಲಿಗಳ ಹಿಂದೆ, ಅವರ ಸಹಿಯ ಮೇಲೆ, ಅಚ್ಚಾಗುತ್ತಿದ್ದವು ಅವಳ ವಾಕ್ಯಗಳೇ.

ನಿನ್ನೆ ಸಂಜೆ ಅವರೇ ಹೇಳಿದ್ದರು: "ಸಾಕು ಪುಟ್ಟಿ, ನಾನಿನ್ನು ನಿವೃತ್ತಿ. ನಾಳೆ ಎಲ್ಲರ ಮುಂದೆ ಹೇಳ್ತೀನಿ, ಈ ಕುರ್ಚಿ ಇವಳದು ಅಂತ."

ಹತ್ತು ಗಂಟೆಗೆ ಸರಿಯಾಗಿ ಅವಳು ತಟ್ಟೆ, ಗ್ಲಾಸುಗಳನ್ನು ಹಿಡಿದು ಒಳಗೆ ಹೋದಳು. ಮೇಜಿನ ಸುತ್ತ ನಾಲ್ವರಿದ್ದರು. ಬಾಣಸಿಗರು, ಯಜಮಾನರು, ದೊಡ್ಡಪ್ಪ. ದೊಡ್ಡಪ್ಪನ ಪಕ್ಕದ ಕುರ್ಚಿಯಲ್ಲಿ, ಹೊಸ ಕೋಟು ತೊಟ್ಟು, ಅವರ ಅಳಿಯ, ಅವಳಿಗೆ ಭಾವ. ಮಾರಾಟ ವಿಭಾಗದಲ್ಲಿದ್ದ ಭಾವ ರುಚಿ ನೋಡುವ ಮೇಜಿಗೆ ಎಂದೂ ಬಂದವನಲ್ಲ. ಸೀಮೆಎಣ್ಣೆಯನ್ನು ಗ್ಲಾಸಿಗೆ ಹಾಕಿ ಕೊಟ್ಟರೂ ಚೆನ್ನಾಗಿದೆ ಎಂದು ಹೇಳಿ ಮಾರಬಲ್ಲವನೆಂದು ಅಕ್ಕನೇ ನಗುತ್ತಿದ್ದಳು.

"ಏನು ನಾದಿನಿ, ಇಷ್ಟು ಗಂಭೀರ? ಪರೀಕ್ಷೆ ಇರೋದು ನನಗೆ ಕಣಮ್ಮ" ಎಂದ ಭಾವ.

"ನಾಳೆಯಿಂದ ಇವರೇ ನಮ್ಮ ಮೂಗು" ಎಂದು ಯಜಮಾನರು ಬಾಣಸಿಗರಿಗೆ ಹೇಳುತ್ತಿದ್ದರು. "ಅಳಿಯ ಅಂತ ಅಲ್ಲ, ತಮಗಿಂತ ಚುರುಕು ಮೂಗು ಅಂತ ಸಾಹೇಬರೇ ಬರೆದುಕೊಟ್ಟಿದ್ದಾರೆ. ಪತ್ರ ಹೋದ ವಾರವೇ ನನ್ನ ಕೈ ಸೇರಿದೆ."

ಹೋದ ವಾರ. ಮಾತು ಕೊಟ್ಟದ್ದು ನಿನ್ನೆ. ಅವಳು ದೊಡ್ಡಪ್ಪನನ್ನು ನೋಡಿದಳು. ಅವರು ಮಡಿಲಿನ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಬಿಚ್ಚಿ, ಮತ್ತೆ ಮಡಿಸುತ್ತಿದ್ದರು.

ಕೈ ಅಭ್ಯಾಸದಂತೆ ಕೆಲಸ ಮಾಡಿತು. ದೊಡ್ಡಪ್ಪನ ತಟ್ಟೆಯಲ್ಲಿ ಬ್ರೆಡ್ಡು ಗೊಂಚಲಿನ ಪಕ್ಕಕ್ಕೆ ಹೋಗಿ ಕೂತಿತು. "ಇವತ್ತು ಅಳಿಯಂದಿರು ಮೊದಲು" ಎಂದರು ಯಜಮಾನರು. ಭಾವ ಗ್ಲಾಸನ್ನು ಎತ್ತುವ ಮುನ್ನ ಅವನ ಕಣ್ಣು ಪಕ್ಕದ ತಟ್ಟೆಯ ಮೇಲೆ ಹಾದುಹೋಯಿತು. ಮೂಸಿದ, ಕಣ್ಣು ಮುಚ್ಚಿದ. "ಶೆನಿನ್ ಬ್ಲಾಂಕ್. ಹಸಿರು ಸೇಬು, ಹಿಂದಿನಿಂದ ಒಂದು ಎಳೆ ಜೇನು. ಬೆಣ್ಣೆಯಲ್ಲಿ ಹುರಿದ ಮೀನಿಗೆ ಹೇಳಿ ಮಾಡಿಸಿದ ಹಾಗಿದೆ." ಆ ‘ಒಂದು ಎಳೆ’ಯನ್ನು ಅವಳು ಮೂರು ಸಲ ಹೊಡೆದುಹಾಕಿ, ಮತ್ತೆ ಬರೆದು ಉಳಿಸಿಕೊಂಡಿದ್ದಳು.

ಒಂದು ಅವಲೋಕನದಿಂದ ಏನೂ ಸಿದ್ಧವಾಗುವುದಿಲ್ಲ, ಆಕಸ್ಮಿಕವಿರಬಹುದು. ಎರಡನೆಯ ಗ್ಲಾಸಿಗೆ ಅವಳು ಅವನ ಕಣ್ಣನ್ನೇ ಗಮನಿಸಿದಳು. ಮೊದಲು ತಟ್ಟೆ, ಆಮೇಲೆ ಗ್ಲಾಸು. ಬಲಕ್ಕಿದ್ದ ಬ್ರೆಡ್ಡು ನೋಡಿ "ಸೋವಿನ್ಯಾನ್ ಬ್ಲಾಂಕ್" ಎಂದ. ಮೇಕೆ ಹಾಲಿನ ಚೀಸಿನ ಜೊತೆ ಕೊಡಿ ಎಂದ. ಮೂರನೆಯ ಗ್ಲಾಸಿನ ಹೊತ್ತಿಗೆ ಬಾಣಸಿಗರ ನೀರಿನ ಹೂಜಿ ಅಡ್ಡ ಬಂದಿತ್ತು. ಭಾವ ಒಂದು ಕ್ಷಣ ತಡವರಿಸಿದ. ಆಗ ದೊಡ್ಡಪ್ಪ, ಯಜಮಾನರೊಂದಿಗೆ ಮಾತು ನಿಲ್ಲಿಸದೆಯೇ, ಎರಡು ಬೆರಳಿನಿಂದ ತಮ್ಮ ತಟ್ಟೆಯನ್ನು ಅಳಿಯನ ಕಡೆಗೆ ಮೆಲ್ಲಗೆ ಸರಿಸಿದರು.

"ಶಿರಾಜ್" ಎಂದ ಭಾವ. "ಕರಿಮೆಣಸಿನ ಘಾಟು ನೋಡಿ, ಎಷ್ಟು ಚೆನ್ನಾಗಿದೆ."

ನಾಲ್ಕನೆಯ ಬಾಟಲಿಯ ಬಿರಡೆ ತೆಗೆಯುತ್ತಿದ್ದಾಗ ದೊಡ್ಡಪ್ಪ ನೀರಿನ ನೆಪ ಮಾಡಿಕೊಂಡು ಪ್ರಯೋಗಾಲಯಕ್ಕೆ ಬಂದು ಬಾಗಿಲು ಮುಂದೆ ಮಾಡಿದರು.

"ಕೋಪಾನಾ?"

"ಭಾವನಿಗೆ ಯಾವಾಗ ಹೇಳ್ಕೊಟ್ರಿ?"

"ಹೋದ ತಿಂಗಳು. ಬೇಗ ಹಿಡ್ಕೊಂಡ, ಒಂದೇ ಸಂಜೆಗೆ." ಅವರ ದನಿಯಲ್ಲಿ ಹೆಮ್ಮೆಯಿತ್ತು. ಅದು ಅವರಿಗೂ ಕೇಳಿಸಿರಬೇಕು; ತಗ್ಗಿಸಿದರು. "ನಿಮ್ಮಕ್ಕನ ಸಂಸಾರ ನೋಡಬೇಕಲ್ಲ ಪುಟ್ಟಿ. ಮಾರಾಟದಲ್ಲಿ ಅವನನ್ನ ಇಟ್ಕೊಳಲ್ಲ ಅಂತ ಯಜಮಾನರು ಹೊರಟಿದ್ರು."

"ನಿನ್ನೆ ನನಗೆ ಹೇಳಿದ್ದು?"

"ಇವತ್ತೊಂದು ದಿನ ಸರಿಯಾಗಿ ಕಳೀಲಿ ಅಂತ." ಅವಳ ತಲೆಯ ಮೇಲೆ ಕೈಯಿಟ್ಟರು. "ನಿನಗೇನು ಕಮ್ಮಿಯಾಯ್ತು ಹೇಳು? ನೀನು ಹೇಗೂ ಇಲ್ಲೇ ಒಳಗೆ ಇರ್ತೀಯ. ಕುರ್ಚೀಲಿ ಯಾರು ಕೂತರೇನು, ಬ್ರೆಡ್ಡು ಇಡೋಳು ನೀನೇ ತಾನೇ?"

ಅವರು ಹೋದ ಮೇಲೂ ತಲೆಯ ಮೇಲೆ ಆ ಕೈಯ ಭಾರ ಉಳಿದಿತ್ತು. ಅವಳು ನಾಲ್ಕು ಗ್ಲಾಸುಗಳಿಗೆ ಐವತ್ತೈವತ್ತು ಮಿಲಿಲೀಟರು ಅಳೆದು ಬಗ್ಗಿಸಿದಳು. ಬಾಟಲಿಯಲ್ಲಿ ಐನೂರೈವತ್ತು ಉಳಿಯಿತು. ಬ್ರೆಡ್ಡನ್ನು ಎಡಕ್ಕೆ ಇಟ್ಟಳು. ನಾಲ್ಕನೆಯದು ನಿಜಕ್ಕೂ ಕ್ಯಾಬರ್ನೆ. ಭಾವನೂ ಹಾಗೆಂದೇ ಹೇಳಿದ. ನಾಲಿಗೆ ಹಿಡಿಯುವ ಒಗರು, ದೇವದಾರು ಮರ, ಕೆಂಡದ ಮೇಲೆ ಸುಟ್ಟ ಕುರಿಮಾಂಸ. ಬಾಣಸಿಗರು ಮೊದಲ ಬಾರಿಗೆ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಹನ್ನೊಂದಕ್ಕೆ ಎರಡು ನಿಮಿಷ. ಐದನೆಯದಾದ ಮೆರ್ಲೋ ಬಾಟಲಿ ಸ್ಟ್ಯಾಂಡಿನಲ್ಲಿ ಕಾಯುತ್ತಿತ್ತು. ಅವಳು ಅದನ್ನು ಮುಟ್ಟಲಿಲ್ಲ. ತೊಳೆದ ನಾಲ್ಕು ಹೊಸ ಗ್ಲಾಸುಗಳಿಗೆ ನಾಲ್ಕನೆಯ ಬಾಟಲಿಯಿಂದಲೇ ಐವತ್ತೈವತ್ತು ಮಿಲಿಲೀಟರು ಅಳೆದಳು. ಚೀಟಿಯಲ್ಲಿ ಹೊತ್ತು ಬರೆದು, ಅದರ ಮುಂದೆ ಮಾಡಿದ್ದನ್ನು ಮಾಡಿದ ಹಾಗೆಯೇ ಬರೆದಳು. ದೊಡ್ಡಪ್ಪನ ತಟ್ಟೆಯಲ್ಲಿ ಬ್ರೆಡ್ಡನ್ನು ನಟ್ಟನಡುವೆ ಇಟ್ಟಳು.

ಭಾವ ತಟ್ಟೆ ನೋಡಿದ, ಗ್ಲಾಸು ಎತ್ತಿದ. ಈ ಬಾರಿ ಆತುರವಿರಲಿಲ್ಲ. ಒಂದು ಗುಟುಕು ಕುಡಿದು, ಬಾಯಲ್ಲಿ ಆಡಿಸಿ, ನುಂಗಿದ.

"ಮೆರ್ಲೋ. ನಾಲ್ಕನೆಯದರ ಒರಟುತನ ಇದರಲ್ಲಿ ಇಲ್ಲವೇ ಇಲ್ಲ ನೋಡಿ, ರೇಷ್ಮೆ ಇದ್ದ ಹಾಗಿದೆ. ಕಳಿತ ಪ್ಲಮ್ ಹಣ್ಣು. ಹುರಿದ ಅಣಬೆ ಜೊತೆ ಕೊಟ್ಟರೆ ನಿಮ್ಮ ಗಿರಾಕಿಗಳು ಎದ್ದು ಹೋಗಲ್ಲ."

"ಗಿರಾಕಿ ಎದ್ದು ಹೋಗದಿದ್ದರೆ ಮೇಜು ಖಾಲಿ ಆಗೋದು ಹೇಗೆ ಸ್ವಾಮಿ?" ಎಂದರು ಬಾಣಸಿಗರು. ಯಜಮಾನರು ಜೋರಾಗಿ ನಕ್ಕರು. ಬಾಣಸಿಗರು ನಗಲಿಲ್ಲ. ಐದನೆಯ ಗ್ಲಾಸಿಗೆ ಮೂಗು ಹಚ್ಚಿದರು. ನಾಲ್ಕನೆಯದರ ತಳದಲ್ಲಿ ಉಳಿದದ್ದನ್ನು ಮೂಸಿದರು. ಮತ್ತೆ ಐದಕ್ಕೆ ಬಂದರು. "ಸಾಹೇಬರೇ, ನೀವೇನಂತೀರಿ?"

ದೊಡ್ಡಪ್ಪ ತಟ್ಟೆಯ ನಡುವಿದ್ದ ಬ್ರೆಡ್ಡನ್ನು ನೋಡಿದರು. ಆಮೇಲೆ ಅವಳ ಮುಖ ನೋಡಿದರು. ಎರಡು ವರ್ಷದಲ್ಲಿ ಒಮ್ಮೆಯೂ ಅವರು ಹಾಗೆ ನೋಡಿ ಖಚಿತಪಡಿಸಿಕೊಂಡವರಲ್ಲ. ಅವಳು ಒಂದು ಸಲ ಕೆಮ್ಮಿದ್ದರೆ ಸಾಕಿತ್ತು, ಅವರಿಗೆ ತಿಳಿಯುತ್ತಿತ್ತು. ಅವಳು ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು.

"ಸಂಶಯವೇ ಇಲ್ಲ" ಎಂದರು ದೊಡ್ಡಪ್ಪ. "ಮೆರ್ಲೋ."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು. ಬಾಣಸಿಗರು ಎರಡೂ ಗ್ಲಾಸುಗಳನ್ನು ಜೋಡಿಯಾಗಿ ತಮ್ಮ ಮುಂದಿಟ್ಟುಕೊಂಡು ಅವಳ ಕಡೆ ತಿರುಗಿದರು. "ಚೀಟಿ ಓದಮ್ಮ."

ಅವಳು ಮುಸುಕು ಹಾಕಿದ ನಾಲ್ಕು ಬಾಟಲಿಗಳನ್ನು ತಂದು ಸಾಲಾಗಿ ಇಟ್ಟಳು. ಅವುಗಳ ಪಕ್ಕದಲ್ಲಿ, ‘೫’ ಎಂಬ ಬಿಲ್ಲೆ ಕಟ್ಟಿದ, ಒಳಗೆ ಏನೂ ಇಲ್ಲದ ಬಟ್ಟೆಯ ಚೀಲ. ದೊಡ್ಡಪ್ಪನ ಬೆರಳುಗಳು ತಟ್ಟೆಯ ಅಂಚಿನ ಮೇಲೆ ನಿಂತವು. ಒಂದೊಂದೇ ದಾರ ಬಿಚ್ಚಿ, ಚೀಲ ಕಳಚಿ, ಚೀಟಿಯಲ್ಲಿದ್ದುದನ್ನು ಇದ್ದ ಹಾಗೆಯೇ, ದನಿ ಏರಿಸದೆ ಇಳಿಸದೆ, ಓದಿದಳು.

"ಒಂದನೆಯದು ಶೆನಿನ್ ಬ್ಲಾಂಕ್. ಎರಡನೆಯದು ಸೋವಿನ್ಯಾನ್ ಬ್ಲಾಂಕ್. ಮೂರನೆಯದು ಶಿರಾಜ್. ನಾಲ್ಕನೆಯದು ಕ್ಯಾಬರ್ನೆ. ಐದನೆಯದು, ನಾಲ್ಕನೆಯ ಬಾಟಲಿಯದೇ ಕ್ಯಾಬರ್ನೆ."